ಮುದ್ದಿನ ಹೊಣೆ: ಚಪ್ಪಟೆ ಮುಖದ ನಾಯಿ ಮತ್ತು ಅಹಿಂಸೆಯ ಪ್ರಶ್ನೆ

ಅಹಿಂಸೆಯನ್ನು ಕುರಿತ ಭಾರತೀಯ ಚಿಂತನೆ ಬಹುಮಟ್ಟಿಗೆ ಬೆಳೆದದ್ದು ಯಜ್ಞದ ಬಲಿ, ಬೇಟೆ, ಮಾಂಸಾಹಾರ, ಉಳುಮೆ ಮೊದಲಾದ ಸಂದರ್ಭಗಳನ್ನು ಮುಂದಿಟ್ಟುಕೊಂಡು. ಅಲ್ಲೆಲ್ಲ ನೋವು ಕೊಡುವವನಿಗೆ ಆ ಪ್ರಾಣಿಯ ಮೇಲೆ ಪ್ರೀತಿ ಇರುವುದಿಲ್ಲ, ಇದ್ದರೂ ಆ ಪ್ರೀತಿ ನೋವಿಗೆ ಕಾರಣವಾಗಿರುವುದಿಲ್ಲ. ಮುದ್ದು ಮಾಡಬೇಕೆಂಬ ಹಂಬಲವೇ ಒಂದು ಜೀವಿಯ ಮೂಗು, ಗಂಟಲು, ಕಣ್ಣುಗಳನ್ನು ತಲೆಮಾರಿನಿಂದ ತಲೆಮಾರಿಗೆ ಕೆಡಿಸುತ್ತ ಬರುವ ಸಂದರ್ಭ ಇವೆಲ್ಲಕ್ಕಿಂತ ಬೇರೆಯಾದದ್ದು. ಪಗ್, ಶಿಹ್ ಟ್ಜು, ಪೆಕಿನೀಸ್, ಫ್ರೆಂಚ್ ಬುಲ್‌ಡಾಗ್ ಎಂಬ ಚಪ್ಪಟೆ ಮುಖದ ಪುಟ್ಟ ತಳಿಗಳು ಇಂದು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳ ಫ್ಲ್ಯಾಟುಗಳಲ್ಲಿ ಮನೆಯ ಕೂಸುಗಳಾಗಿ ಬೆಳೆಯುತ್ತಿವೆ. ಇಂತಹ ನಾಯಿಯನ್ನು ಆಯ್ದು ತರುವುದು ಧರ್ಮಕ್ಕೆ ಒಪ್ಪುವುದೇ, ತಂದ ಮೇಲೆ ಅದನ್ನು ಸಾಕುವ ಹೊಣೆ ಎಲ್ಲಿಯವರೆಗೆ ಎಂಬ ಎರಡು ಪ್ರಶ್ನೆಗಳನ್ನು ಎತ್ತಿಕೊಂಡರೆ, ಅವುಗಳನ್ನು ವಿಚಾರಿಸಲು ಬೇಕಾದ ಪರಿಭಾಷೆ ಕನ್ನಡ ನಾಡಿನ ಜೈನ ಪರಂಪರೆಯಲ್ಲಿ ಆಶ್ಚರ್ಯವೆನಿಸುವಷ್ಟು ಸಿದ್ಧವಾಗಿ ಸಿಗುತ್ತದೆ.

ನಾಯಿ ಈ ನಾಡಿನ ಧಾರ್ಮಿಕ ಜೀವನಕ್ಕೆ ಹೊಸದೇನೂ ಅಲ್ಲ. ಎಲ್ಲ ಜೀವಿಗಳಿಗೂ ಅನ್ನದ ಪಾಲು ಸಲ್ಲಬೇಕೆನ್ನುವ ಭೂತಯಜ್ಞದ ಅಂಗವಾಗಿ, ವೈಶ್ವದೇವ ಮಾಡುವ ಮನೆಗಳಲ್ಲಿ ನಾಯಿ, ಕಾಗೆಗಳಿಗೆ ಹೊರಗೆ ಬಲಿ ಇಡುವ ಕ್ರಮವಿತ್ತು. ಕಾಲಭೈರವನಿಗೆ ನಾಯಿಯೇ ವಾಹನ. ದತ್ತಾತ್ರೇಯನ ಪಾದದ ಬಳಿಯ ನಾಲ್ಕು ನಾಯಿಗಳನ್ನು ಭಕ್ತರು ನಾಲ್ಕು ವೇದಗಳೆಂದು ಭಾವಿಸುತ್ತಾರೆ. ಆದರೂ ಮಡಿ ಮೈಲಿಗೆಯ ಎಣಿಕೆಯಿದ್ದ ಮನೆಗಳಲ್ಲಿ ಈ ಗೌರವವೆಲ್ಲ ಹೊಸ್ತಿಲಿನ ಆಚೆಗೇ ನಿಂತಿತ್ತು. 1948ರಿಂದ ರೂಪುಗೊಂಡ ಜಯನಗರದ ಹಳೆಯ ಒಂಟಿ ಮನೆಗಳಲ್ಲಿ ನಾಯಿ ಇದ್ದರೆ ಅದಕ್ಕೆ ಗೇಟಿನ ಬಳಿ, ಕಾಂಪೌಂಡಿನ ನೆರಳಿನಲ್ಲಿ ಜಾಗ, ಕಾವಲು ಕೆಲಸ. ಆ ಮನೆಗಳು ಒಡೆದು ಅಪಾರ್ಟ್‌ಮೆಂಟುಗಳಾದಾಗ ಅಂಗಳದ ಜೊತೆಗೆ ಅಂಗಳದ ನಾಯಿಯೂ ಹೋಯಿತು. ಅದರ ಸ್ಥಾನಕ್ಕೆ ಸೋಫಾದ ಮೇಲೆ ಮಲಗುವ, ಲಿಫ್ಟಿನಲ್ಲಿ ಇಳಿಯುವ, ಹೆಚ್ಚು ಬೊಗಳದ ಪುಟ್ಟ ನಾಯಿ ಬಂತು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹೋದಲ್ಲೆಲ್ಲ ಹೋಗುವ ಪಗ್ ಕಾಣಿಸಿಕೊಂಡ ನಂತರ, ಆ ತಳಿಯ ಹೆಸರು ತಿಳಿಯದವರೂ ಅದನ್ನು ‘ಹಚ್ ನಾಯಿ’ ಎಂದೇ ಕರೆದು ಕೇಳಿ ಕೊಂಡರು. 2018ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಫ್ಲ್ಯಾಟಿಗೊಂದೇ ನಾಯಿ, ಅದೂ ಪಟ್ಟಿಯಲ್ಲಿರುವ ತಳಿಯದು ಎಂಬ ಉಪವಿಧಿ ತರಲು ಹೊರಟು, ವಿರೋಧ ಬಂದಾಗ ಹಿಂದೆಗೆದುಕೊಂಡಿತು. ಆ ಚರ್ಚೆಯಲ್ಲಿ ನಾಯಿಯ ಗಾತ್ರ, ನೆರೆಯವರ ತೊಂದರೆ, ಸಾಕುವವರ ಹಕ್ಕುಗಳು ಮುಂದೆ ನಿಂತವು. ನಾಯಿಯ ಉಸಿರು ಹಿಂದೆಯೇ ಉಳಿಯಿತು.

ಆ ಉಸಿರಿನ ವಿಚಾರವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ದೇಹದ ವಾಸ್ತವ ತಿಳಿಯದೆ ಆಡುವ ಕರುಣೆಯ ಮಾತಿಗೆ ಬೆಲೆಯಿಲ್ಲ. ನಾಯಿಯ ಮೂತಿಯ ಎಲುಬನ್ನು ತಳಿಯ ಆಯ್ಕೆಯಿಂದ ಗಿಡ್ಡ ಮಾಡುತ್ತ ಬಂದಾಗ ಒಳಗಿನ ಮೆದು ಭಾಗಗಳು ಅದೇ ಪ್ರಮಾಣದಲ್ಲಿ ಗಿಡ್ಡವಾಗಲಿಲ್ಲ; ಪೆಟ್ಟಿಗೆಯನ್ನು ಚಿಕ್ಕದು ಮಾಡಿ ಅಷ್ಟೇ ಬಟ್ಟೆಯನ್ನು ಅದರೊಳಗೆ ತುರುಕಿದಂತೆ, ಉದ್ದವಾಗಿಯೇ ಉಳಿದ ಮೆದು ಅಂಗುಳು ಗಂಟಲಿನೊಳಗೆ ಜೋತುಬಿದ್ದು ಗಾಳಿಯ ದಾರಿಗೆ ಅಡ್ಡವಾಗುತ್ತದೆ, ಮೂಗಿನ ಹೊಳ್ಳೆಗಳು ಸೀಳಿನಷ್ಟು ಕಿರಿದಾಗುತ್ತವೆ, ಕೆಲವು ನಾಯಿಗಳಲ್ಲಿ ಶ್ವಾಸನಾಳವೂ ಸಣ್ಣದಾಗಿರುತ್ತದೆ. ಪ್ರತಿ ಉಸಿರನ್ನೂ ಬಲವಂತದಿಂದ ಎಳೆಯಬೇಕಾಗುವುದರಿಂದ ಕಾಲಕ್ರಮೇಣ ಧ್ವನಿಪೆಟ್ಟಿಗೆಯ ಅಂಗಾಂಶಗಳು ಒಳಮಗುಚಿ ದಾರಿ ಇನ್ನಷ್ಟು ಮುಚ್ಚುತ್ತದೆ. ಈ ಎಲ್ಲ ತೊಂದರೆಗಳನ್ನು ಒಟ್ಟಾಗಿ ಪಶುವೈದ್ಯರು ಗಿಡ್ಡಮೂತಿಯ ನಾಯಿಗಳ ಶ್ವಾಸಮಾರ್ಗ ಅಡಚಣೆ ಎಂದು ಗುರುತಿಸುತ್ತಾರೆ. ನಾಯಿಗೆ ಮನುಷ್ಯರಂತೆ ಮೈತುಂಬ ಬೆವರುವ ಶಕ್ತಿಯಿಲ್ಲ; ಅದು ಮೈಯನ್ನು ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನ ಮೂಲಕ. ಹಾಗಾಗಿ ಗಾಳಿಯ ದಾರಿ ಕಟ್ಟಿದ ನಾಯಿಗೆ ಸೆಖೆ ಎಂಬುದು ಕೇವಲ ಅಸೌಕರ್ಯವಾಗಿರದೆ ಜೀವಾಪಾಯವಾಗುತ್ತದೆ. ಮುಖದ ಮಡಿಕೆಗಳಲ್ಲಿ ತೇವ ನಿಂತು ಚರ್ಮ ಹುಣ್ಣಾಗುವುದು, ಆಳವಿಲ್ಲದ ಕಣ್ಣುಗುಳಿಯಿಂದ ಮುಂದಕ್ಕೆ ಚಾಚಿದ ಕಣ್ಣಿನ ಪಾರದರ್ಶಕ ಪೊರೆಗೆ ಗಾಯವಾಗುವುದು, ನಲವತ್ತೆರಡು ಹಲ್ಲುಗಳು ಗಿಡ್ಡ ದವಡೆಯಲ್ಲಿ ಜಾಗ ಸಾಲದೆ ವಕ್ರವಾಗುವುದು ಇವೆಲ್ಲ ಅದೇ ಎಲುಬಿನ ಬದಲಾವಣೆಯ ಮುಂದುವರಿಕೆಗಳು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರಿಟನ್ನಿನ ಪಗ್‌ಗಳಿಗೆ ವರ್ಷದಲ್ಲಿ ಒಂದಾದರೂ ಕಾಯಿಲೆ ತಗಲುವ ಸಾಧ್ಯತೆ ಇತರ ನಾಯಿಗಳಿಗಿಂತ ಸುಮಾರು 1.9 ಪಟ್ಟು ಹೆಚ್ಚು. ಅದೇ ಕಾಲೇಜಿನಲ್ಲಿ 2012ರಲ್ಲಿ ನಡೆದ ಇನ್ನೊಂದು ಅಧ್ಯಯನ ಧರ್ಮಚಿಂತನೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದುದು: ಉಸಿರಾಟದ ಅಡಚಣೆಯ ಲಕ್ಷಣಗಳು ಸ್ಪಷ್ಟವಾಗಿದ್ದ ನಾಯಿಗಳ ಒಡೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ನಾಯಿಗೆ ಉಸಿರಿನ ತೊಂದರೆಯೇ ಇಲ್ಲವೆಂದು ಹೇಳಿದ್ದರು. ಗೊರಕೆಯನ್ನು ಅವರು ಆ ತಳಿಯ ಸ್ವಭಾವವೆಂದು, ಮುದ್ದಿನ ಲಕ್ಷಣವೆಂದು ತಿಳಿದಿದ್ದರು.

ಇಂತಹ ಮುಖವನ್ನು ಮನುಷ್ಯ ಏಕೆ ಬಯಸಿದ ಎಂಬುದಕ್ಕೆ ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ 1943ರಲ್ಲಿ ಒಂದು ವಿವರಣೆ ಕೊಟ್ಟ: ದುಂಡು ತಲೆ, ದೊಡ್ಡ ಕಣ್ಣು, ಚಿಕ್ಕ ಮೂಗು, ಉಬ್ಬಿದ ಕೆನ್ನೆಗಳು ಮಾನವ ಶಿಶುವಿನ ಲಕ್ಷಣಗಳಾಗಿದ್ದು, ಅವು ಯಾವ ಪ್ರಾಣಿಯಲ್ಲಿ ಕಂಡರೂ ಮನುಷ್ಯನಲ್ಲಿ ಲಾಲನೆಯ ಪ್ರವೃತ್ತಿಯನ್ನು ಕೆರಳಿಸುತ್ತವೆ. ಚೀನದ ಅರಮನೆಗಳಲ್ಲಿ ಮಡಿಲ ನಾಯಿಗಳಾಗಿದ್ದ ಪಗ್, ಪೆಕಿನೀಸ್‌ನಂತಹ ತಳಿಗಳು ಯೂರೋಪಿಗೆ ಹೋಗಿ, ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಶ್ವಾನಪ್ರದರ್ಶನಗಳ ಸ್ಪರ್ಧೆಯಲ್ಲಿ ಇನ್ನಷ್ಟು ಚಪ್ಪಟೆಯಾದವು. ಎಂದರೆ ಈ ಮುಖವನ್ನು ತಿದ್ದಿದ ಉಳಿ ಮನುಷ್ಯನ ವಾತ್ಸಲ್ಯವೇ. ಹತ್ತನೆಯ ಶತಮಾನದ ದಿಗಂಬರ ಆಚಾರ್ಯ ಅಮೃತಚಂದ್ರ ತನ್ನ ಪುರುಷಾರ್ಥಸಿದ್ಧ್ಯುಪಾಯದಲ್ಲಿ, ರಾಗವೇ ಮೊದಲಾದ ಭಾವಗಳು ಮನಸ್ಸಿನಲ್ಲಿ ಹುಟ್ಟುವುದೇ ಹಿಂಸೆ, ಅವು ಹುಟ್ಟದಿರುವುದೇ ಅಹಿಂಸೆ ಎಂಬರ್ಥದ ಕಠಿಣ ನಿಲುವನ್ನು ಮಂಡಿಸುತ್ತಾನೆ. ರಾಗವೆಂದರೆ ಇಲ್ಲಿ ಅಂಟಿಕೊಳ್ಳುವ ಆಸೆ, ತನ್ನ ಸುಖಕ್ಕಾಗಿ ಇನ್ನೊಂದನ್ನು ಹಿಡಿದಿಟ್ಟುಕೊಳ್ಳುವ ಮನೋಭಾವ. ದ್ವೇಷವನ್ನು ಹಿಂಸೆಯೆಂದರೆ ಎಲ್ಲರೂ ಒಪ್ಪುತ್ತಾರೆ. ರಾಗವನ್ನೂ ಹಿಂಸೆಯೆಂದರೆ ಸಾಮಾನ್ಯ ಗೃಹಸ್ಥನಿಗೆ ಅದು ಸಂನ್ಯಾಸಿಯ ಅತಿರೇಕವೆಂದು ತೋರಬಹುದು. ಆದರೆ ಪಗ್‌ನ ತಲೆಬುರುಡೆಯ ಇತಿಹಾಸವನ್ನು ನೋಡಿದಾಗ, ರಾಗ ಹೇಗೆ ಮಾಂಸ, ಎಲುಬುಗಳ ಮೇಲೆ ನಿಜವಾದ ಗಾಯವಾಗಿ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಸಿಗುವುದು ಕಷ್ಟ.

ಕನ್ನಡದಲ್ಲಿ ಈ ವಿಚಾರದ ಶಿಖರಗ್ರಂಥ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಮುಗಿಸಿದ ಯಶೋಧರ ಚರಿತೆ. ಪ್ರಾಣಿಬಲಿ ಕೊಡಲು ಒಪ್ಪದ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಜೀವವಿಲ್ಲದ ಹುಂಜವನ್ನು ಕಡಿದರೂ ಕೊಲ್ಲುವ ಸಂಕಲ್ಪ ಇತ್ತೆಂಬ ಕಾರಣಕ್ಕೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಅವುಗಳಲ್ಲಿ ಮೊದಲನೆಯ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಒಂದು ಕಾಲಕ್ಕೆ ತಮ್ಮದೇ ಆಗಿದ್ದ ಅರಮನೆಯಲ್ಲಿ ಅವು ಸಾಕುಪ್ರಾಣಿಗಳಾಗಿ ಇರುತ್ತವೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕದ ಮೂಲಕ ಈ ಕಥೆ ಆಧುನಿಕ ಓದುಗರಿಗೂ ಪರಿಚಿತ. ಜನ್ನನ ಕಾವ್ಯದಲ್ಲಿ ಸಂಕಲ್ಪವಿದೆ, ಗಾಯಗೊಂಡ ಜೀವವಿಲ್ಲ. ಚಪ್ಪಟೆ ಮುಖದ ನಾಯಿಯ ವಿಷಯದಲ್ಲಿ ಗಾಯಗೊಂಡ ಜೀವವಿದೆ, ನೋಯಿಸಬೇಕೆಂಬ ಸಂಕಲ್ಪ ಯಾರಲ್ಲೂ ಇಲ್ಲ. ಹಾಗಾದರೆ ಸಂಕಲ್ಪವನ್ನೇ ಮಾನದಂಡವಾಗಿಟ್ಟುಕೊಂಡ ನೀತಿಯ ಪ್ರಕಾರ ಇಲ್ಲಿ ಯಾರೂ ತಪ್ಪಿತಸ್ಥರಲ್ಲವೆಂದು ತೀರ್ಮಾನಿಸಬೇಕೇ?

ಈ ತೀರ್ಮಾನಕ್ಕೆ ಜೈನ ಶಾಸ್ತ್ರವೇ ಅವಕಾಶ ಕೊಡುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು ಅದರ ಲಕ್ಷಣದೊಳಗೇ ಸೇರಿಸುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ: ನೋಡಬೇಕಾದದ್ದನ್ನು ನೋಡದಿರುವುದು, ತಿಳಿಯಬಹುದಾದದ್ದನ್ನು ತಿಳಿಯಲು ಮನಸ್ಸು ಮಾಡದಿರುವುದು. ಏದುಸಿರು ಬಿಡುತ್ತಿರುವ ನಾಯಿಯನ್ನು ಎದುರಿಗಿಟ್ಟುಕೊಂಡು ಅದಕ್ಕೆ ಉಸಿರಿನ ತೊಂದರೆಯಿಲ್ಲವೆನ್ನುವ ಒಡೆಯನ ಸ್ಥಿತಿಗೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಎರಡನೆಯದಾಗಿ, ಕರ್ಮವು ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳಲ್ಲಿ ಅಂಟುತ್ತದೆಂದು ಶಾಸ್ತ್ರ ಹೇಳುತ್ತದೆ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಇನ್ನೊಬ್ಬರು ಮಾಡಿದ್ದನ್ನು ಒಪ್ಪಿ ಸಂತೋಷಪಟ್ಟದ್ದು ಅನುಮೋದಿತ. ಗಿಡ್ಡ ಮೂತಿಯ ಗಂಡು ಹೆಣ್ಣುಗಳನ್ನು ಕೂಡಿಸುವ ತಳಿಗಾರನದು ಕೃತ. ಮುಂಗಡ ಹಣ ಕೊಟ್ಟು ಆದಷ್ಟು ಚಪ್ಪಟೆ ಮುಖದ ಮರಿಯನ್ನೇ ಕೇಳುವ ಜೆ.ಪಿ. ನಗರದ ಕುಟುಂಬದ್ದು ಕಾರಿತ. ಆ ಮರಿಯ ಗೊರಕೆಯ ವಿಡಿಯೊ ನೋಡಿ ನಗುತ್ತ ತಮಗೂ ಅಂಥದೇ ಬೇಕೆನ್ನುವ ನೆಂಟರಿಷ್ಟರದು ಅನುಮೋದಿತ. ಹನ್ನೆರಡನೆಯ ಶತಮಾನದ ಹೇಮಚಂದ್ರನ ಯೋಗಶಾಸ್ತ್ರ ಶ್ರಾವಕರಿಗೆ, ಎಂದರೆ ಗೃಹಸ್ಥ ಜೈನರಿಗೆ, ನಿಷಿದ್ಧವೆಂದು ಎಣಿಸುವ ಹದಿನೈದು ವೃತ್ತಿಗಳಲ್ಲಿ ಜೀವಿಗಳನ್ನು ಮಾರುವ ಕೇಶವಾಣಿಜ್ಯವೂ, ಪ್ರಾಣಿಗಳ ಅಂಗಗಳನ್ನು ವಿಕಾರಗೊಳಿಸುವ ನಿರ್ಲಾಂಛನವೂ ಇವೆ. ಇಂದಿನ ತಳಿ ವ್ಯಾಪಾರದಲ್ಲಿ ಇವೆರಡೂ ಕತ್ತಿಯಿಲ್ಲದೆಯೇ ಒಂದಾಗಿವೆ.

ಇದಕ್ಕೆ ಎರಡು ಗಂಭೀರ ಆಕ್ಷೇಪಗಳನ್ನು ಎತ್ತಬಹುದು. ಯಾವ ಜೀವ ಯಾವ ದೇಹ ಪಡೆಯುತ್ತದೆಂಬುದು ಆ ಜೀವದ ಪೂರ್ವಕರ್ಮದಿಂದ ನಿರ್ಧಾರವಾಗುವುದಾದರೆ ತಳಿಗಾರನೂ ಕೊಳ್ಳುವವನೂ ನೆಪಮಾತ್ರರಲ್ಲವೇ ಎಂಬುದು ಮೊದಲನೆಯದು. ಆದರೆ ಕರ್ಮಸಿದ್ಧಾಂತದಲ್ಲಿ ನೆಪವಾಗುವುದು ಹೊಣೆಯಿಂದ ಬಿಡುಗಡೆಯಲ್ಲ. ಜಿಂಕೆ ತನ್ನ ಕರ್ಮದಿಂದ ಬಾಣಕ್ಕೆ ಸಿಕ್ಕಿತೆಂದು ಬೇಡನಿಗೆ ಹೊಸ ಕರ್ಮ ಅಂಟದೆ ಹೋಗುವುದಿಲ್ಲ, ಹಾಗೆ ಹೋಗುವುದಾದರೆ ವ್ರತಗಳಿಗೆ ಅರ್ಥವೇ ಉಳಿಯದು. ಎರಡನೆಯ ಆಕ್ಷೇಪವನ್ನು ಬ್ರಿಟಿಷ್ ದಾರ್ಶನಿಕ ಡೆರೆಕ್ ಪಾರ್ಫಿಟ್ 1984ರಲ್ಲಿ ಮುಂದಿನ ತಲೆಮಾರಿನ ಮನುಷ್ಯರನ್ನು ಕುರಿತು ಎತ್ತಿದ ಒಗಟಿನಿಂದ ಪಡೆಯಬಹುದು: ಈ ತಳಿಯನ್ನು ಬೆಳೆಸದೇ ಹೋಗಿದ್ದರೆ ಈ ನಾಯಿ ಹುಟ್ಟುತ್ತಲೇ ಇರಲಿಲ್ಲ, ಹೀಗಿರುವಾಗ ಹುಟ್ಟಿಸಿದವರು ಅದಕ್ಕೆ ಕೆಡುಕು ಮಾಡಿದರೆಂದು ಹೇಳುವುದು ಹೇಗೆ? ಪಾಶ್ಚಾತ್ಯ ನೀತಿಶಾಸ್ತ್ರವನ್ನು ದಶಕಗಳಿಂದ ಕಾಡಿರುವ ಈ ಒಗಟಿನ ತೊಡಕು ಜೈನ ದೃಷ್ಟಿಯಲ್ಲಿ ಸಡಿಲವಾಗುತ್ತದೆ, ಏಕೆಂದರೆ ಆ ದೃಷ್ಟಿಯಲ್ಲಿ ಜೀವ ಅನಾದಿಯಾದುದು. ಯಾವ ತಳಿಗಾರನೂ ಅದನ್ನು ಇಲ್ಲದಲ್ಲಿಂದ ಇರುವಿಕೆಗೆ ತರಲಿಲ್ಲ. ಅವನು ಸಿದ್ಧಪಡಿಸಿದ್ದು ಉಸಿರಾಡಲು ಹೆಣಗುವ ಒಂದು ದೇಹವನ್ನು ಮಾತ್ರ. ಹುಟ್ಟಿಸಿದ್ದೇ ಉಪಕಾರ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಈಗಾಗಲೇ ಹುಟ್ಟಿ, ಮನೆ ಸೇರಿ, ಬಾಗಿಲಿನ ಬಳಿ ಒಡತಿಯ ದಾರಿ ಕಾಯುವ ನಾಯಿಯ ಮೇಲೆ ಈ ವಿಮರ್ಶೆಯ ಭಾರ ಬೀಳಬಾರದು. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಯುಧಿಷ್ಠಿರನ ಹಿಂದೆ ಹೊರಟ ನಾಯಿಯನ್ನು ಅವನು ಆರಿಸಿ ತಂದಿರಲಿಲ್ಲ. ಅದು ತಾನಾಗಿ ಬಂದಿತ್ತು. ತಳಿಯೇನು, ಮುಖ ಹೇಗಿದೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಸ್ವರ್ಗದ ರಥ ಬಂದು ನಿಂತರೂ, ನಂಬಿ ಬಂದ ಜೀವಿಯನ್ನು ಬಿಟ್ಟು ಹತ್ತಲಾರೆನೆಂದು ಅವನು ಇಂದ್ರನಿಗೆ ಹೇಳುವುದರ ಹಿಂದಿರುವ ಗುಣವನ್ನು ಮಹಾಭಾರತ ಆನೃಶಂಸ್ಯವೆಂದು ಕರೆಯುತ್ತದೆ: ಕ್ರೌರ್ಯವಿಲ್ಲದಿರುವಿಕೆ, ತನ್ನನ್ನು ಆಶ್ರಯಿಸಿದವರ ಕಷ್ಟಕ್ಕೆ ಮನಸ್ಸು ಕರಗುವಿಕೆ. ಎಲ್ಲ ಜೀವಿಗಳಿಗೂ ಸಮಾನವಾಗಿ ಸಲ್ಲುವ ಅಹಿಂಸೆಗಿಂತ ಇದು ಭಿನ್ನವಾದುದು, ಏಕೆಂದರೆ ಇದು ಸಂಬಂಧದಿಂದ ಹುಟ್ಟುತ್ತದೆ. ಕನ್ನಡಿಗರಲ್ಲೂ ಈ ಭಾವಕ್ಕೆ ಪುರಾತನ ಸಾಕ್ಷಿಯಿದೆ. ಸುಮಾರು ಕ್ರಿ.ಶ. 950ರ ಆತಕೂರು ಶಾಸನ, ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರ ತನ್ನ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುಕೊಟ್ಟದ್ದನ್ನು ದಾಖಲಿಸುತ್ತದೆ. ಮಂಡ್ಯ ಸೀಮೆಯ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯ ಹಿಂಸೆಯನ್ನು ಮೆಚ್ಚಬೇಕಿಲ್ಲ. ಆದರೂ ಓಡಬಲ್ಲ, ಉಸಿರೆಳೆಯಬಲ್ಲ ನಾಯಿಯನ್ನು ಆ ಕಾಲ ಬೇಡಿ ಪಡೆಯಿತು, ಅದು ಸತ್ತಾಗ ಮರೆಯಲಿಲ್ಲ ಎಂಬುದು ಈ ಚರ್ಚೆಗೆ ಸಲ್ಲುವ ಮಾತು.

ಸಾಕುವ ಹೊಣೆಯ ವಿವರಗಳಿಗೆ ಮತ್ತೆ ತತ್ತ್ವಾರ್ಥಸೂತ್ರವೇ ಒದಗಿಬರುತ್ತದೆ. ಅಹಿಂಸಾ ಅಣುವ್ರತಕ್ಕೆ, ಎಂದರೆ ಗೃಹಸ್ಥನು ತನ್ನ ಮಿತಿಯಲ್ಲಿ ಪಾಲಿಸುವ ಅಹಿಂಸೆಗೆ, ಅದು ಹೇಳುವ ಐದು ಅತಿಚಾರಗಳು ಅಥವಾ ದೋಷಗಳು ಸಾಕುಪ್ರಾಣಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿವೆ: ಬಂಧ ಅಂದರೆ ಕಟ್ಟುವುದು, ವಧ ಅಂದರೆ ಹೊಡೆಯುವುದು, ಛೇದ ಅಂದರೆ ಅಂಗ ಕತ್ತರಿಸುವುದು, ಅತಿಭಾರಾರೋಪಣ ಅಂದರೆ ಮಿತಿಮೀರಿ ಹೊರಿಸುವುದು, ಅನ್ನಪಾನನಿರೋಧ ಅಂದರೆ ತಿನ್ನಲು ಕುಡಿಯಲು ಕೊಡದಿರುವುದು. ಪಗ್‌ನಂತಹ ನಾಯಿಯ ಕೊರಳಿಗೆ ಪಟ್ಟಿ ಹಾಕಿ ಎಳೆದರೆ ಮೊದಲೇ ಕಿರಿದಾದ ಗಂಟಲು ಇನ್ನಷ್ಟು ಅಮುಕುವುದರಿಂದ ಬಂಧದೋಷದ ವಿಚಾರ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಎದೆಯನ್ನು ಸುತ್ತುವ ಹಾರ್ನೆಸ್ ಅದಕ್ಕೆ ತಕ್ಕ ಪರಿಹಾರ. ಅತಿಭಾರವನ್ನು ಇಲ್ಲಿ ಹೊರಿಸುವುದು ಬೆನ್ನಿನ ಮೇಲಲ್ಲ, ತಟ್ಟೆಯ ಮೂಲಕ: ಉಂಡದ್ದೆಲ್ಲ ನಾಯಿಗೂ ಒಂದು ತುತ್ತು ಎಂಬ ಅಕ್ಕರೆಯಿಂದ ಬರುವ ಕೊಬ್ಬು ಗಂಟಲಿನ ಸುತ್ತಲೂ ತುಂಬಿಕೊಂಡು ಉಸಿರಿನ ಕಷ್ಟವನ್ನು ಹೆಚ್ಚಿಸುವುದರಿಂದ, ಈ ತಳಿಗಳಿಗೆ ಮಿತವಾಗಿ ಉಣಿಸುವುದೇ ದಯೆ. ಬೆಂಗಳೂರಿನ ತಂಪು ಹವೆಯ ಹೆಸರನ್ನು ನಂಬಿ ಮೋಸಹೋಗಬಾರದು. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು, ಕಾಂಕ್ರೀಟು ತುಂಬಿದ ಬಿಟಿಎಂ ಬಡಾವಣೆಯ ಬೀದಿಗಳಲ್ಲಿ ಸಂಜೆಯಾದರೂ ನೆಲದ ಕಾವು ಆರುವುದಿಲ್ಲ. ಬೇಸಿಗೆಯಲ್ಲಿ ಇಂತಹ ನಾಯಿಯನ್ನು ತಿರುಗಾಡಿಸುವುದಾದರೆ ಬಿಸಿಲೇರುವ ಮೊದಲು, ಇಲ್ಲವೇ ಕತ್ತಲಾದ ಮೇಲೆ. ನಿಲ್ಲಿಸಿದ ಕಾರಿನಲ್ಲಿ ಕೆಲವೇ ನಿಮಿಷ ಬಿಟ್ಟರೂ ಅಪಾಯ. ಮುಖದ ಮಡಿಕೆಗಳನ್ನು ದಿನವೂ ಒರೆಸಿ ಒಣಗಿಸುವುದು, ಕಣ್ಣು ಕೆಂಪಾದರೆ ಅಥವಾ ಅರೆಮುಚ್ಚಿಕೊಂಡರೆ ಆ ದಿನವೇ ವೈದ್ಯರಿಗೆ ತೋರಿಸುವುದು, ಗೊರಕೆ ಹೆಚ್ಚಿ ನಿದ್ದೆಯಲ್ಲಿ ಉಸಿರು ಕಟ್ಟಿದಂತಾದರೆ, ಆಡುವಾಗ ನಾಲಗೆ ನೀಲಿಗಟ್ಟಿದರೆ ಹೊಳ್ಳೆ ಅಗಲಿಸುವ ಅಥವಾ ಅಂಗುಳು ಮೊಟಕುಗೊಳಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಸಲಹೆ ಪಡೆಯುವುದು ಇವೆಲ್ಲ ನಿತ್ಯದ ಎಚ್ಚರಗಳು. ಇಂತಹ ಶಸ್ತ್ರಚಿಕಿತ್ಸೆ ಛೇದವೇ ಎಂದು ಶಂಕಿಸುವವರಿದ್ದರೆ, ಹಿಂದೆ ಆದ ಕೇಡನ್ನು ಕಡಿಮೆ ಮಾಡಲು ಮಾಡುವ ಚಿಕಿತ್ಸೆಗೂ ಚಂದಕ್ಕಾಗಿ ಮಾಡುವ ಅಂಗವಿಕಾರಕ್ಕೂ ಇರುವ ಅಂತರ ಮಾಡುವವನ ಭಾವದಲ್ಲೂ ಫಲದಲ್ಲೂ ಸ್ಪಷ್ಟವಾಗಿದೆ ಎನ್ನಬೇಕು. ಪ್ರಮಾದಕ್ಕೆ ಪ್ರತಿಯಾಗಿ ಜೈನರು ಹೇಳುವ ಅಪ್ರಮಾದ, ಅಂದರೆ ಸದಾ ಎಚ್ಚರದಿಂದಿರುವ ಸಾಧನೆ, ಒಂದೆರಡು ಕೋಣೆಯ ಫ್ಲ್ಯಾಟಿನಲ್ಲಿ ಹೀಗೆಯೇ ಕಾಣಿಸಿಕೊಳ್ಳಬಲ್ಲದು. ದಿನವಿಡೀ ಮನೆ ಬೀಗ ಹಾಕಿ ಕಚೇರಿಗೆ ಹೋಗುವ, ಬಾಡಿಗೆ ಕೋಣೆಯಿಂದ ಕೋಣೆಗೆ ಬದಲಾಯಿಸುತ್ತಿರುವ ತರುಣರು ಇಷ್ಟನ್ನೂ ಮಾಡಬಲ್ಲರೇ ಎಂದು ನಾಯಿ ತರುವ ಮೊದಲೇ ಯೋಚಿಸುವುದು ಉಚಿತ.

ಆಯ್ಕೆಯ ವಿಷಯಕ್ಕೆ ಬಂದರೆ, ಈ ವಿಚಾರಸರಣಿ ಒಪ್ಪಿತವಾದವರು ಅತಿ ಗಿಡ್ಡ ಮೂತಿಯ ಮರಿಗೆ ಹೊಸದಾಗಿ ಬೇಡಿಕೆ ಇಡಬಾರದು. ಆದರೆ ಯಾರೋ ಬಿಟ್ಟುಹೋದ ಪಗ್ ಅಥವಾ ಶಿಹ್ ಟ್ಜುವನ್ನು ದತ್ತು ತೆಗೆದುಕೊಳ್ಳುವುದರಲ್ಲಿ ಕಾರಿತದ ದೋಷವಿಲ್ಲ, ಏಕೆಂದರೆ ಅಲ್ಲಿ ತಳಿಗಾರನಿಗೆ ಇನ್ನೊಂದು ಮರಿ ಹುಟ್ಟಿಸುವ ಪ್ರೇರಣೆ ಹೋಗುವುದಿಲ್ಲ. ತಳಿನಾಯಿಗಳೂ ಬೀದಿಪಾಲಾಗುವ ಈ ನಗರದಲ್ಲಿ, 1991ರಲ್ಲಿ ಆರಂಭವಾದ ಕ್ಯೂಪಾದಂತಹ ಪ್ರಾಣಿಕಲ್ಯಾಣ ಸಂಸ್ಥೆಗಳು ಅವುಗಳಿಗೆ ಹೊಸ ಮನೆ ಹುಡುಕುವ ಕೆಲಸ ಮಾಡುತ್ತವೆ. ಮುಪ್ಪಾದ, ಕಾಯಿಲೆಯ ನಾಯಿಯನ್ನು ಹೀಗೆ ಮನೆಗೆ ತರುವವರು ಯುಧಿಷ್ಠಿರನ ದಾರಿಗೆ ಹೆಚ್ಚು ಹತ್ತಿರದವರು. ಸ್ವದೇಶಿ ತಳಿಯ ಅಭಿಮಾನದಿಂದ ಮುಧೋಳ ನಾಯಿಯನ್ನು ಫ್ಲ್ಯಾಟಿಗೆ ತರುವುದೂ ಸರಿಯಲ್ಲ. ಉದ್ದ ಮೂತಿಯ, ಬಯಲಿನಲ್ಲಿ ಓಡಲೆಂದೇ ಬೆಳೆದ ಆ ಬೇಟೆನಾಯಿಗೆ ಲಿಫ್ಟು, ಬಾಲ್ಕನಿಗಳ ಬದುಕು ಇನ್ನೊಂದು ಬಗೆಯ ಬಂಧ. ಬೀದಿಯಲ್ಲಿ ಹುಟ್ಟಿದ ಮಧ್ಯಮ ಗಾತ್ರದ ದೇಸಿ ಮರಿ ಬೆಂಗಳೂರಿನ ಹವೆಗೆ ಒಗ್ಗಿದ, ಸಲೀಸಾಗಿ ಉಸಿರಾಡುವ ಪ್ರಾಣಿ. ಮುಖ ಶಿಶುವಿನಂತಿಲ್ಲ ಎಂಬುದೊಂದೇ ಅದರ ‘ಕೊರತೆ’ ಎಂದಾದರೆ ಬದಲಾಗಬೇಕಾದದ್ದು ನೋಡುವವರ ಕಣ್ಣು.

ವ್ಯಕ್ತಿಗತ ವ್ರತಕ್ಕೆ ಕಾನೂನಿನ ಬೆಂಬಲವೂ ಬೇಕು. ಕೇಂದ್ರ ಸರ್ಕಾರದ 2017ರ ಶ್ವಾನತಳಿ ಮತ್ತು ಮಾರಾಟ ನಿಯಮಗಳು ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕೆಂದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು, ಒಂದು ಹೆಣ್ಣುನಾಯಿಯಿಂದ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ ಮರಿ ಪಡೆಯಬಾರದೆಂದು ವಿಧಿಸುತ್ತವೆ. ಮೂತಿಯ ಉದ್ದಕ್ಕೆ ಅಳತೆಯೇನನ್ನೂ ಗೊತ್ತುಪಡಿಸಿಲ್ಲ. ನೆದರ್ಲೆಂಡ್ಸ್ 2019ರಿಂದ, ಮೂತಿ ತಲೆಬುರುಡೆಯ ಉದ್ದದ ಮೂರರಲ್ಲೊಂದು ಪಾಲಿಗಿಂತ ಗಿಡ್ಡವಾಗಿರುವ ನಾಯಿಗಳನ್ನು ತಳಿಗೆ ಬಳಸದಂತೆ ತಡೆಯುವ ಮಾನದಂಡವನ್ನು ಜಾರಿಗೆ ತಂದಿತು. ಬ್ರಿಟನ್ನಿನಲ್ಲಿ ಅದೇ ವರ್ಷ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧನೆಯ ಆಧಾರದಿಂದ ಬಂದ ಉಸಿರಾಟದ ಪರೀಕ್ಷೆಯಲ್ಲಿ, ನಾಯಿಯನ್ನು ಮೂರು ನಿಮಿಷ ಚುರುಕಾಗಿ ನಡೆಸಿ, ಅದಕ್ಕೆ ಮೊದಲೂ ಆಮೇಲೂ ಸ್ಟೆತಸ್ಕೋಪಿನಿಂದ ಗಂಟಲಿನ ಸದ್ದು ಆಲಿಸಿ, ಸೊನ್ನೆಯಿಂದ ಮೂರರವರೆಗೆ ದರ್ಜೆ ಕೊಡುತ್ತಾರೆ; ಮೂರನೆಯ ದರ್ಜೆಯ ನಾಯಿಯಿಂದ ಮರಿ ಪಡೆಯಬಾರದೆಂಬುದು ಅದರ ಸಲಹೆ. ದುಬಾರಿ ಯಂತ್ರವೇನೂ ಬೇಡದ ಈ ಪರೀಕ್ಷೆಯನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ನೆರವಿನಿಂದ ಕರ್ನಾಟಕದಲ್ಲೂ ನಡೆಸಬಹುದು, ಅದರ ಫಲಿತಾಂಶವಿಲ್ಲದೆ ತಳಿಗಾರನ ನೋಂದಣಿಯನ್ನು ನವೀಕರಿಸಲಾಗದು ಎಂದು ಮಂಡಳಿ ಷರತ್ತು ಹಾಕಬಹುದು, ಮತ್ತು ಅಂತಹ ಷರತ್ತು ಬರುವವರೆಗೂ ಜಯನಗರದಲ್ಲೋ ಬನಶಂಕರಿಯಲ್ಲೋ ಮರಿ ನೋಡಲು ಹೋದವರು ತಾಯಿನಾಯಿಯನ್ನು ಮೂರು ನಿಮಿಷ ನಡೆಸಿ ತೋರಿಸಿರೆಂದು ತಾವೇ ಕೇಳಬಹುದು.